‘ಬೆಂಗಳೂರೋ, ಊರೋ?’ ಎಂದು ಕೇಳುವ ಮುನ್ನ

ಕಾನೂನು ಪದವಿಯ ಕೊನೆಯ ಸೆಮಿಸ್ಟರಿಗೆ ಬಂದವರನ್ನು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ‘ಪ್ರ್ಯಾಕ್ಟೀಸು ಬೆಂಗಳೂರಾಗೋ, ಊರಾಗೋ?’ ಬೆಂಗಳೂರು ಎಂದರೆ ಒಂದು ಗುಂಪಿನ ಮುಖ ಅರಳುತ್ತದೆ. ‘ಬೆಳೀಬೇಕಂದ್ರ ಅಲ್ಲಿಗೇ ಹೋಗಬೇಕವ್ವಾ’ ಎನ್ನುತ್ತದೆ. ಊರು ಎಂದರೆ ಇನ್ನೊಂದು ಗುಂಪು ಬೆನ್ನು ತಟ್ಟಿ, ಹುಟ್ಟಿದ ನೆಲದ ಋಣ, ಬಡವರ ಸೇವೆ ಎಂದು ಭಾಷಣ ಮಾಡುತ್ತದೆ. ಇಬ್ಬರೂ ಜಾಣತನದಿಂದ ಬಿಟ್ಟುಬಿಡುವ ಮಾತೊಂದಿದೆ: ಮೊದಲ ಮೂರು ವರ್ಷ ಈ ಹುಡುಗಿ ಯಾರ ದುಡ್ಡಿನಲ್ಲಿ ಉಣ್ಣಬೇಕು? ಇದಕ್ಕೆ ಉತ್ತರ ಹೇಳದವರಿಗೆ ಊರಿನ ಬಗ್ಗೆ ಉಪದೇಶ ಮಾಡುವ ಅಧಿಕಾರವಿಲ್ಲ ಎಂಬುದು ನನ್ನ ವಾದ.

ಬೆಂಗಳೂರಿನ ಪರವಾದ ಮಾತು ಸುಳ್ಳೇನಲ್ಲ. ಹೈಕೋರ್ಟಿನ ಪ್ರಧಾನ ಪೀಠ, ಸಿಟಿ ಸಿವಿಲ್ ಕೋರ್ಟು, ಹಲವು ನ್ಯಾಯಮಂಡಳಿಗಳು, ಕಂಪನಿಗಳ ವ್ಯಾಜ್ಯ ಎಲ್ಲವೂ ಅಲ್ಲಿವೆ. ಆದರೆ ಅಲ್ಲಿನ ದೊಡ್ಡ ಸಂಬಳದ ಕಚೇರಿಗಳು ಹುಡುಕಿಕೊಂಡು ಹೋಗುವುದು ಹೆಚ್ಚಾಗಿ ರಾಷ್ಟ್ರೀಯ ಕಾನೂನು ಶಾಲೆಗಳ ಬಾಗಿಲಿಗೆ. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಜಿಲ್ಲಾ ಕೇಂದ್ರಗಳ ಕಾಲೇಜುಗಳಿಂದ ಬಂದ ನಮ್ಮಂಥವರಿಗೆ ಉಳಿಯುವುದು ಒಬ್ಬ ಸೀನಿಯರ್ ವಕೀಲರ ಚೇಂಬರಿನ ಮೂಲೆ. ಅಂಥ ಒಂದು ಚೇಂಬರಿಗೆ ನಾನೂ ಹೋಗಿಬಂದೆ. ‘ಮೊದಲ ವರ್ಷ ಏನೂ ಕೊಡೋದಿಲ್ಲಮ್ಮಾ, ಕಲಿಸ್ತೀನಿ, ಅದೇ ನಿನ್ನ ಸಂಬಳ’ ಎಂದರು. ಶೇಷಾದ್ರಿಪುರಂನ ಪಿಜಿಯಲ್ಲಿ ಮೂವರ ಕೋಣೆಯ ಒಂದು ಮಂಚಕ್ಕೆ ತಿಂಗಳಿಗೆ 9,000 ರೂಪಾಯಿ ಕೇಳಿದ್ದರು. ಕಲಿಕೆಯನ್ನು ಸಂಬಳವೆಂದು ಪಿಜಿಯವರು ಒಪ್ಪುವುದಿಲ್ಲ.

ಹಾಗಾದರೆ ಊರಿಗೆ ಹೋಗು ಎನ್ನುವವರ ಮಾತು ಕೇಳೋಣ. ನನ್ನೂರು ಸಿಂದಗಿ. ಅಲ್ಲಿ ಬಾಡಿಗೆಯಿಲ್ಲ, ಊಟಕ್ಕೆ ದುಡ್ಡಿಲ್ಲ. ಆದರೆ ಮನೆಯ ಊಟ ಪುಕ್ಕಟೆ ಎಂದು ತಿಳಿದವರು ಹೆಣ್ಣುಮಕ್ಕಳಾಗಿ ಇಪ್ಪತ್ಮೂರರ ವಯಸ್ಸಿನಲ್ಲಿ ಮನೆಗೆ ಮರಳಿ ನೋಡಬೇಕು. ತಿಂಗಳ ಕೊನೆಗೆ ಕೈಯಲ್ಲಿ ಸ್ವಂತದ ದುಡ್ಡಿಲ್ಲದ ಮಗಳ ವಕೀಲಿಕೆ ಮನೆಯವರ ಕಣ್ಣಿಗೆ ಉದ್ಯೋಗವಲ್ಲ, ಮದುವೆಯವರೆಗಿನ ಹೊತ್ತುಗಳೆತ. ಬಾಡಿಗೆಯನ್ನು ರೂಪಾಯಿಯಲ್ಲಿ ಕೊಡದಿದ್ದರೆ ಒಪ್ಪಿಗೆಯಲ್ಲಿ ಕೊಡಬೇಕಾಗುತ್ತದೆ. ನನ್ನ ತರಗತಿಯ ಹುಡುಗರಿಗೆ ಈ ಕಂದಾಯವಿಲ್ಲ.

ಇಷ್ಟಾದರೂ ಜಿಲ್ಲೆ, ತಾಲ್ಲೂಕುಗಳ ಕೋರ್ಟೇ ನಿಜವಾದ ಪಾಠಶಾಲೆ ಎಂದು ನಾನು ನಂಬುತ್ತೇನೆ. ಕಾರಣ ಋಣವಲ್ಲ, ಭಾಷೆ. ನಮ್ಮ ಕಡೆಯ ರೈತ ಕಟಕಟೆಯಲ್ಲಿ ನಿಂತು ‘ಹೊಲಾ ಅವರಿಗೆ ಲಾವಣಿ ಹಾಕೀವ್ರಿ’ ಎನ್ನುತ್ತಾನೆ. ಬೆಂಗಳೂರಿನ ಕಿವಿಗೆ ಲಾವಣಿ ಎಂದರೆ ಹಾಡು. ಅವನ ಬಾಯಲ್ಲಿ ಅದು ಗೇಣಿ. ಆ ಒಂದು ಮಾತಿನ ಮೇಲೆ, ಎದುರಾಳಿ ಹೊಲದಲ್ಲಿ ಇರುವುದು ಒಡೆಯನಾಗಿಯೋ ಗೇಣಿದಾರನಾಗಿಯೋ ಎಂಬುದು ತೀರ್ಮಾನವಾಗಬಹುದು. ಸಾಕ್ಷಿ ಕನ್ನಡದಲ್ಲಿ ನುಡಿಯುತ್ತಾನೆ, ಅದು ಕನ್ನಡದಲ್ಲೇ ದಾಖಲಾಗುತ್ತದೆ. ಪ್ರಕರಣ ಮೇಲ್ಮನವಿಗೆ ಏರಿದರೆ ಸಂವಿಧಾನದ 348ನೇ ವಿಧಿಯ ಪ್ರಕಾರ ಹೈಕೋರ್ಟಿನ ಭಾಷೆ ಇಂಗ್ಲಿಷ್. ಕೆಳಗಿನ ಕೋರ್ಟಿನಲ್ಲಿ ಪಾಟೀಸವಾಲು ಮಾಡಿದ ವಕೀಲರಿಗೆ ಆ ಮಾತಿನ ಅರ್ಥ ತಿಳಿಯದಿದ್ದರೆ, ದಾಖಲೆಯಲ್ಲಿ ಅದನ್ನು ಬಿಡಿಸಿ ಬರೆಸದಿದ್ದರೆ, ಮೇಲೆ ಎಷ್ಟು ದೊಡ್ಡ ವಕೀಲರು ನಿಂತರೂ ತಪ್ಪನ್ನು ತಿದ್ದುವುದು ಕಷ್ಟ. ಕಾಲೇಜಿನಲ್ಲಿ ಐದು ವರ್ಷ ಇಂಗ್ಲಿಷ್ ತೀರ್ಪುಗಳನ್ನು ಓದಿದ ನಮಗೆ ಇದನ್ನು ಯಾರೂ ಕಲಿಸಲಿಲ್ಲ. ಇದನ್ನು ಕಲಿಸುವುದು ಪಾಲು ಕೇಳಿ ಬಂದ ಅಕ್ಕತಂಗಿಯರು, ಪಹಣಿಯಲ್ಲಿ ಹೆಸರು ತಪ್ಪಿದ ರೈತ, ಅಪಘಾತದಲ್ಲಿ ಮಗನನ್ನು ಕಳೆದುಕೊಂಡು ಪರಿಹಾರಕ್ಕೆ ಅಲೆಯುವ ತಾಯಿ.

ಇನ್ನೊಂದು ಕಾರಣವೂ ಇದೆ. 2008ರವರೆಗೆ ಬೀದರಿನ ಕಕ್ಷಿದಾರ ಹೈಕೋರ್ಟು ಮುಟ್ಟಲು ಸುಮಾರು 700 ಕಿಲೋಮೀಟರ್ ದಾಟಿ ಬೆಂಗಳೂರಿಗೆ ಹೋಗಬೇಕಿತ್ತು. ಆ ವರ್ಷ ಧಾರವಾಡ, ಕಲಬುರಗಿಗಳಲ್ಲಿ ಸಂಚಾರಿ ಪೀಠಗಳು ಶುರುವಾದವು, 2013ರಲ್ಲಿ ಕಾಯಂ ಆದವು. ಹೀಗೆ ಹತ್ತಿರಕ್ಕೆ ಬಂದ ಕೋರ್ಟನ್ನು ಬರೀ ಕಟ್ಟಡ ನಡೆಸುವುದಿಲ್ಲ. ಓದಿದ ಮಕ್ಕಳೆಲ್ಲ ರಾತ್ರಿ ಬಸ್ಸು ಹತ್ತಿ ಬೆಂಗಳೂರು ಸೇರಿದರೆ, ಕಕ್ಷಿದಾರನೂ ಒಳ್ಳೆಯ ವಕೀಲರನ್ನು ಹುಡುಕಿಕೊಂಡು ಮತ್ತೆ ಅದೇ ಬಸ್ಸು ಹತ್ತುತ್ತಾನೆ.

ಆದರೆ ‘ಇಲ್ಲೇ ಇರಿ’ ಎನ್ನುವವರು ಇರಿಸಿಕೊಳ್ಳುವ ಖರ್ಚನ್ನೂ ಹೊರಬೇಕಲ್ಲ? 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು, ಸನದು ಪಡೆಯಲು ಸಾಮಾನ್ಯ ವರ್ಗದವರಿಂದ 750 ರೂಪಾಯಿಗಿಂತ ಹೆಚ್ಚಿನ ನೋಂದಣಿ ಶುಲ್ಕ ವಸೂಲು ಮಾಡಬಾರದು ಎಂದಿತು. ಬಾಗಿಲು ಅಗ್ಗವಾಯಿತು, ಒಳಗೆ ನಿಲ್ಲುವುದು ಅಗ್ಗವಾಗಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮೀಣ ಪ್ರದೇಶಗಳಲ್ಲಿ 15,000 ರೂಪಾಯಿಯಾದರೂ ಕೊಡಿ ಎಂದು ಸುತ್ತೋಲೆ ಹೊರಡಿಸಿತು. ಅದು ಬರೀ ಶಿಫಾರಸು. ಪಾಲಿಸದವರಿಗೆ ಏನೂ ಆಗುವುದಿಲ್ಲ. ಕೂಲಿಯವನ ಬಾಕಿ ಕೊಡಿಸಲು ಕನಿಷ್ಠ ವೇತನದ ಕಾನೂನಿನ ಕಲಮುಗಳನ್ನು ಎತ್ತಿ ವಾದಿಸುವ ವೃತ್ತಿ, ತನ್ನದೇ ಕಿರಿಯರ ವಿಷಯದಲ್ಲಿ ಶಿಫಾರಸಿಗೆ ತೃಪ್ತಿಪಟ್ಟುಕೊಂಡಿದೆ.

2025ರ ಮೇ 20ರಂದು ಸುಪ್ರೀಂ ಕೋರ್ಟು ಸಿವಿಲ್ ನ್ಯಾಯಾಧೀಶರ ನೇಮಕಾತಿಗೆ ಮೂರು ವರ್ಷದ ವಕೀಲಿ ಅನುಭವ ಬೇಕೆಂಬ ನಿಯಮವನ್ನು ಮರಳಿ ತಂದಿತು. ಕೋರ್ಟು ಕಾಣದವರು ನೇರವಾಗಿ ಪೀಠ ಏರಬಾರದು ಎಂಬುದು ನ್ಯಾಯವೇ. ಆದರೆ ಆ ಅನುಭವಕ್ಕೆ ಹತ್ತು ವರ್ಷ ಪೂರೈಸಿದ ವಕೀಲರೊಬ್ಬರ ಪ್ರಮಾಣಪತ್ರ ಬೇಕು. ಸಂಬಳ ಕೇಳಿದರೆ ಸರ್ಟಿಫಿಕೇಟು ಸಿಗುತ್ತದೋ ಇಲ್ಲವೋ ಎಂಬ ಅಳುಕಿನಲ್ಲಿ ಯಾವ ಜೂನಿಯರ್ ಬಾಯಿ ಬಿಟ್ಟಾಳು? ಮೂರು ವರ್ಷ ಬರಿಗೈಯಲ್ಲಿ ಬದುಕಬಲ್ಲವರೇ ನ್ಯಾಯಾಧೀಶರಾಗುವುದಾದರೆ, ನಾಳೆಯ ಪೀಠದಲ್ಲಿ ಯಾರ ಮಕ್ಕಳು ಕೂರುತ್ತಾರೆಂದು ಬಿಡಿಸಿ ಹೇಳಬೇಕಿಲ್ಲ.

‘ನಾವೂ ಬಸ್ ಸ್ಟ್ಯಾಂಡಿನಲ್ಲಿ ಮಲಗಿ, ಉಪವಾಸ ಇದ್ದು ಕಲಿತವರೇ’ ಎನ್ನುವ ಹಿರಿಯರಿದ್ದಾರೆ. ಅವರ ಕಷ್ಟದ ಬಗ್ಗೆ ನನಗೆ ಗೌರವವಿದೆ. ಆದರೆ ಉಪವಾಸ ತಾಳಲಾರದೆ ಬಿಟ್ಟುಹೋದವರು ಇಂದು ಈ ಮಾತು ಆಡಲು ಬಾರ್ ರೂಮಿನಲ್ಲಿ ಇಲ್ಲ. ಉಳಿದವರ ಕಥೆಯನ್ನಷ್ಟೇ ಕೇಳಿ ನಿಯಮ ಮಾಡಲಾಗದು. ತಾಲ್ಲೂಕಿನ ವಕೀಲರ ಫೀಸೂ ಸಣ್ಣದು, 15,000 ಎಲ್ಲಿಂದ ತರಬೇಕು ಎನ್ನುವುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಒಪ್ಪುತ್ತೇನೆ. ಅಂಥ ಕಡೆ ಸರ್ಕಾರ ಮತ್ತು ವಕೀಲರ ಪರಿಷತ್ತು ಪಾಲು ಹಾಕಲಿ. ಆದರೆ ನಾಲ್ಕು ಜೂನಿಯರ್‌ಗಳನ್ನು ಇಟ್ಟುಕೊಂಡು ಕಾರು ಬದಲಿಸುವವರಿಗೆ ಈ ನೆಪ ಸಲ್ಲದು.

ನಾನು ಕಲಬುರಗಿಗೆ ಹೋಗುತ್ತೇನೆ. ಜಿಲ್ಲಾ ಕೋರ್ಟು, ಹೈಕೋರ್ಟು ಪೀಠ ಎರಡೂ ಒಂದೇ ಊರಿನಲ್ಲಿವೆ, ಸಾಕ್ಷಿಯ ಮಾತು ನನಗೆ ತಿಳಿಯುತ್ತದೆ, ಮನೆ ತೀರ ದೂರವೂ ಅಲ್ಲ, ತೀರ ಹತ್ತಿರವೂ ಅಲ್ಲ. ಸೀನಿಯರ್ ಹುಡುಕುವಾಗ ಮೊದಲ ಭೇಟಿಯಲ್ಲೇ ‘ತಿಂಗಳಿಗೆ ಎಷ್ಟು ಕೊಡ್ತೀರಿ ಸರ್?’ ಎಂದು ಕೇಳುತ್ತೇನೆ. ಈ ವರ್ಷ ಕರಿಕೋಟು ತೊಡಲಿರುವ ಗೆಳೆಯ ಗೆಳತಿಯರೇ, ನೀವು ಹುಬ್ಬಳ್ಳಿಗೆ ಹೋಗಿ, ಮಂಗಳೂರಿಗೆ ಹೋಗಿ, ಬೆಂಗಳೂರಿಗೇ ಹೋಗಿ. ಹೋದಲ್ಲಿ ಈ ಪ್ರಶ್ನೆಯನ್ನು ಕೇಳಿ. ಒಬ್ಬಳು ಕೇಳಿದರೆ ದುರಾಸೆ ಎನ್ನುತ್ತಾರೆ, ಎಲ್ಲರೂ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.