ಹುಡುಕುವವರಿಗೆ ನಮ್ಮ ಹೆಸರು ಸಿಗುವುದೆಂತು?

ಕಳೆದ ಒಂದೆರಡು ವರ್ಷಗಳಿಂದ ನಮ್ಮ ಸಂಘದ ಸದಸ್ಯರಲ್ಲಿ ಅನೇಕರಿಗೆ ದೂರದ ಪಟ್ಟಣಗಳಿಂದ ದೂರವಾಣಿ ಕರೆಗಳು ಬರುತ್ತಿವೆ. ನಿಮ್ಮ ಕಾಫಿಪುಡಿಯನ್ನು ಗೂಗಲ್ ಹುಡುಕಾಟದಲ್ಲಿ ಮೊದಲನೆಯ ಸ್ಥಾನಕ್ಕೆ ತಂದು ನಿಲ್ಲಿಸುತ್ತೇವೆ, ವರ್ಷಕ್ಕೆ ಇಷ್ಟು ಹಣ ಕಟ್ಟಿ ಎಂಬುದು ಅವುಗಳ ಸಾರಾಂಶ. ನನಗೂ ಬಂದಿತ್ತು, ಕೇಳಿದ್ದು ಹದಿನೆಂಟು ಸಾವಿರ ರೂಪಾಯಿ. ಕೆಲವು ಸದಸ್ಯರು ಕಟ್ಟಿಯೂ ಇದ್ದಾರೆ. ಬರುವ ಮಹಾಸಭೆಯಲ್ಲಿ ಸಂಘವೇ ಇಂಥದೊಂದು ಕಂಪೆನಿಯೊಡನೆ ಒಪ್ಪಂದ ಮಾಡಿಕೊಳ್ಳಲಿ ಎಂಬ ಸೂಚನೆ ಬರಲಿದೆಯೆಂದೂ ತಿಳಿಯಿತು. ಫೋನಿನಲ್ಲಿ ಹುಡುಕುವವರ ಕಣ್ಣಿಗೆ ನಾವು ಬೀಳಬೇಕೆಂಬ ಬಗ್ಗೆ ನನಗೆ ಭಿನ್ನಾಭಿಪ್ರಾಯವಿಲ್ಲ. ಅದಕ್ಕೆ ಈ ದಾರಿ ಬೇಡ, ಆ ಕೆಲಸವನ್ನು ಸಂಘ ತನ್ನ ಕೈಯಿಂದಲೇ ಮಾಡಬೇಕು ಎಂಬುದಷ್ಟೇ ನನ್ನ ವಾದ.

ಮೊದಲು ಲೆಕ್ಕ ನೋಡೋಣ. ಹುರಿದು, ಪುಡಿಮಾಡಿ, ಪೊಟ್ಟಣ ಕಟ್ಟಿ, ಅಂಚೆಗೆ ಹಾಕಿದ ಮೇಲೆ ಕಿಲೋ ಒಂದಕ್ಕೆ ಬೆಳೆಗಾರನಿಗೆ ನೂರೈವತ್ತು ರೂಪಾಯಿ ಹೆಚ್ಚಿಗೆ ಉಳಿಯುತ್ತದೆಂದು ಇಟ್ಟುಕೊಳ್ಳಿ. ಹದಿನೆಂಟು ಸಾವಿರ ಹುಟ್ಟಬೇಕಾದರೆ 120 ಕಿಲೋ ಪುಡಿ ಮಾರಬೇಕು. ಎರಡು ಮೂರು ಎಕರೆಯ ತೋಟದವನು ಮನೆಯಲ್ಲಿ ಹುರಿದು ಮಾರುವುದೇ ಒಟ್ಟು ಅಷ್ಟಾಗಲಿಕ್ಕಿಲ್ಲ. ಅದೂ ಹೋಗಲಿ, ಆ ಭರವಸೆಯೇ ಪೊಳ್ಳು. ಹುಡುಕಾಟದಲ್ಲಿ ಮೊದಲ ಸ್ಥಾನವನ್ನು ಯಾರೂ ಖಾತರಿಯಾಗಿ ಕೊಡಿಸಲಾರರೆಂದು ಗೂಗಲ್ ಕಂಪೆನಿಯೇ ತನ್ನ ಸೂಚನೆಗಳಲ್ಲಿ ತಿಳಿಸಿದೆ. ಹಣ ಕೊಟ್ಟು ಪಡೆಯಬಹುದಾದದ್ದು ಜಾಹೀರಾತಿನ ಜಾಗ ಮಾತ್ರ. ಅದರ ಮೇಲೆ ಜಾಹೀರಾತೆಂದು ಬರೆದೇ ಇರುತ್ತದೆ, ಕಟ್ಟಿದ ಹಣ ಮುಗಿದ ದಿನ ಅದೂ ಮಾಯ. ನಕ್ಷೆಯಲ್ಲಿ ನಮ್ಮ ಅಂಗಡಿಯನ್ನೋ ಗೋದಾಮನ್ನೋ, ಅದರ ವೇಳೆಯನ್ನೋ, ಫೋನ್ ನಂಬರನ್ನೋ ತೋರಿಸುವ ‘ಬಿಸಿನೆಸ್ ಪ್ರೊಫೈಲ್’ ಎಂಬ ಏರ್ಪಾಡಿಗಂತೂ ಶುಲ್ಕವೇ ಇಲ್ಲ. ಬಿಟ್ಟಿ ಸಿಗುವುದನ್ನು ಹದಿನೆಂಟು ಸಾವಿರಕ್ಕೆ ಮಾರುವವರ ಜಾಣತನಕ್ಕೆ ಮೆಚ್ಚಬೇಕು!

ಈ ಹುಡುಕಾಟವೆಂಬುದು ನಡೆಯುವ ಬಗೆಯನ್ನು ತುಸು ತಿಳಿದುಕೊಂಡರೆ ಯಾರೂ ಮೋಸಹೋಗಬೇಕಾಗಿಲ್ಲ. 1998ರಲ್ಲಿ ಆರಂಭವಾದ ಗೂಗಲ್, ಅಂತರ್ಜಾಲದ ಪುಟಗಳನ್ನು ಯಂತ್ರದ ಮೂಲಕ ಓದಿಸಿ, ಯಾವ ಪುಟದಲ್ಲಿ ಯಾವ ಮಾತಿದೆ ಎಂದು ಮೊದಲೇ ಒಂದು ಖತಾವಣಿ ಬರೆದಿಟ್ಟುಕೊಂಡಿರುತ್ತದೆ. ನಾವು ಏನನ್ನಾದರೂ ಹುಡುಕಿದಾಗ ಅದು ತೆರೆಯುವುದು ಆ ಖತಾವಣಿಯನ್ನು. ಕೇಳಿದ ಮಾತು ಪುಟದಲ್ಲಿದೆಯೇ, ಬೇರೆ ಪುಟಗಳು ಅದರತ್ತ ಬೆರಳು ತೋರಿಸುತ್ತವೆಯೇ, ಹುಡುಕುವವನು ಎಲ್ಲಿ ನಿಂತು ಕೇಳುತ್ತಿದ್ದಾನೆ ಎಂಬಿತ್ಯಾದಿ ಅಂಶಗಳನ್ನು ನೋಡಿ ಯಾವುದು ಮೇಲೆ, ಯಾವುದು ಕೆಳಗೆ ಎಂದು ನಿರ್ಧರಿಸುತ್ತದೆ. ಖತಾವಣಿಗೆ ಏರದ ಸಂಗತಿ ಹುಡುಕಿದವನಿಗೆ ಸಿಗುವುದಿಲ್ಲ. ನಾವು ವಾಟ್ಸಾಪ್ ಗುಂಪುಗಳಲ್ಲಿ ದಿನಾ ಹಂಚಿಕೊಳ್ಳುವ ಧಾರಣೆ, ಚಿತ್ರ, ಹೊಗಳಿಕೆ ಇವುಗಳಲ್ಲಿ ಒಂದೂ ಆ ಖತಾವಣಿಗೆ ಹೋಗುವುದಿಲ್ಲ. ಗುಂಪಿನಲ್ಲಿರುವವರು ನಮ್ಮ ನಂಟರು, ನೆರೆಯವರು. ಅವರ ಮನೆಯಲ್ಲೂ ಕಾಫಿ ಗಿಡವಿದೆ!

ಇನ್ನು ಹುಡುಕುವವನ ಕಡೆಯಿಂದ ನೋಡಬೇಕು. ಕೆಲಸದ ನಿಮಿತ್ತ ನಾನು ಕೆಲವು ವರ್ಷ ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಹಳ್ಳಿಖೇಡ (ಬಿ)ಯಲ್ಲಿ ಇದ್ದೆ. ಹುಮನಾಬಾದಿನಿಂದ ಬೀದರಿಗೆ ಹೋಗುವ ರಸ್ತೆಯ ಊರು. ಬೀದರ್ ಸಹಕಾರ ಸಕ್ಕರೆ ಕಾರ್ಖಾನೆಯ ಹೆಸರಿನೊಡನೆ ಈ ಊರಿನ ಹೆಸರನ್ನೂ ಕೆಲವರು ಕೇಳಿರಬಹುದು. ಕಬ್ಬು, ತೊಗರಿ, ಜೋಳದ ಸೀಮೆ. ಕಾಫಿ ಗಿಡವನ್ನು ಕಂಡವರು ಅಲ್ಲಿ ಕಡಿಮೆ, ಕುಡಿಯುವುದು ಚಹಾ. ಆದರೆ ಎಲೆ ಅಡಕಿಯಿಲ್ಲದೆ ಶುಭಕಾರ್ಯ ನಡೆಯುವುದಿಲ್ಲ; ಬೆಂಗಳೂರಿನಲ್ಲಿ ದುಡಿಯುವ ಮಕ್ಕಳಿರುವ ಮನೆಗಳಲ್ಲಿ ಈಗ ಕಾಫಿಯೂ ಒಲೆ ಹತ್ತಿದೆ. ಅಲ್ಲಿನ ಕಿರಾಣಿ ಅಂಗಡಿಯವನೊಬ್ಬ ಮಲೆನಾಡಿನಿಂದ ನೇರವಾಗಿ ಮಾಲು ತರಿಸಬೇಕೆಂದು ಫೋನಿನಲ್ಲಿ ಹುಡುಕಿದರೆ ಏನೆಂದು ಬರೆದಾನು? ‘ಅಡಿಕೆ’ ಎಂದು ಬರೆಯಲಾರ. ಅಲ್ಲಿನ ಕನ್ನಡದಲ್ಲಿ ಅದು ‘ಅಡಕಿ’. ಉರ್ದು, ಮರಾಠಿ, ಹಿಂದಿಗಳೂ ಕನ್ನಡದ ಜೊತೆಗೆ ಓಡಾಡುವ ಆ ಪೇಟೆಯಲ್ಲಿ ಅನೇಕರ ಬಾಯಲ್ಲಿ ‘ಸುಪಾರಿ’. ಕಾಳುಮೆಣಸಿಗೆ ‘ಕಾಲೀ ಮಿರ್ಚ್’. ನಮ್ಮ ಸಂಘದ ಪುಟವನ್ನು ತೆರೆದು ನೋಡಿ: ರಾಶಿ, ಬೆಟ್ಟೆ, ಗೊರಬಲು, ಚಾಲಿ ಎಲ್ಲವೂ ಇವೆ. ‘ಸುಪಾರಿ’ ಎಂಬ ಮಾತು ಒಂದು ಕಡೆಯೂ ಇಲ್ಲ. ನಾವು ನಮ್ಮೊಳಗೆ ಮಾತಾಡಿಕೊಳ್ಳುವ ಮಾತನ್ನು ಬರೆದಿದ್ದೇವೆ, ಕೊಳ್ಳುವವನ ಮಾತನ್ನು ಬರೆದಿಲ್ಲ. ಇದನ್ನು ಯಾವ ಕಂಪೆನಿಯ ಹುಡುಗನೂ ನಮಗೆ ಹೇಳಿಕೊಡಲಾರ. ಮಾಲು ಎಲ್ಲಿಗೆ ಹೋಗುತ್ತದೆ, ಅಲ್ಲಿ ಅದನ್ನು ಏನೆಂದು ಕರೆಯುತ್ತಾರೆ ಎಂಬುದು ನಮ್ಮ ಲಾರಿ ಡ್ರೈವರುಗಳಿಗೇ ಹೆಚ್ಚು ಗೊತ್ತು.

ಆ ಊರಿನ ಹೆಸರನ್ನೇ ನೋಡಿ. ಹೆಸರಿನ ಮುಂದಿನ (ಬಿ) ಎಂದರೆ ‘ಬುಜುರ್ಗ್’, ಹಿರಿದು. ಅದೇ ಸೀಮೆಯಲ್ಲಿ ಹಳ್ಳಿಖೇಡ (ಕೆ) ಎಂಬ ಇನ್ನೊಂದು ಊರಿದೆ; (ಕೆ) ಎಂದರೆ ‘ಖುರ್ದ್’, ಕಿರಿದು. ಎರಡೂ ಪಾರಸಿ ಮಾತುಗಳು. ಒಂದೇ ಹೆಸರಿನ ಊರುಗಳ ಲೆಕ್ಕ ಕಲಸಿಹೋಗದಂತೆ ಹಿಂದಿನ ಕಂದಾಯದವರು ಮಾಡಿಕೊಂಡ ಉಪಾಯವಿದು. ಆ ಕಡೆಯ ಜಿಲ್ಲೆಗಳಲ್ಲಿ ಇಂಥ ಜೋಡಿ ಊರುಗಳು ಹಲವು. ಆವರಣದೊಳಗಿನ ಒಂದಕ್ಷರವನ್ನು ಮರೆತರೆ ಕಾಗದ ಬೇರೆ ಊರಿಗೆ ಹೋಗಬಹುದು. ಈಗ ಇದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಒಬ್ಬರು ಒಂದು ‘ಎಲ್’ ಹಾಕುತ್ತಾರೆ, ಇನ್ನೊಬ್ಬರು ಎರಡು. ಕೊನೆಗೆ ‘ಎ’ ಇರುವುದೂ ಉಂಟು, ಇಲ್ಲದಿರುವುದೂ ಉಂಟು. ಕೆಲವರು ಆವರಣ ಹಾಕಿದರೆ ಕೆಲವರು ಅಡ್ಡಗೆರೆ ಎಳೆಯುತ್ತಾರೆ. ದೊಡ್ಡ ಶಹರದ ಹೆಸರನ್ನು ತಪ್ಪಾಗಿ ಬರೆದರೂ ಯಂತ್ರ ತಾನೇ ತಿದ್ದಿಕೊಳ್ಳುತ್ತದೆ, ಏಕೆಂದರೆ ಆ ಹೆಸರನ್ನು ಲಕ್ಷಾಂತರ ಜನ ಕೇಳಿರುತ್ತಾರೆ. ಸಣ್ಣ ಊರಿಗೆ ಆ ಉಪಕಾರ ಯಾವಾಗಲೂ ದೊರೆಯುವುದಿಲ್ಲ. ಅಲ್ಲಿನ ಬಟ್ಟೆ ಅಂಗಡಿಯವನಿಗೂ ಇಲ್ಲಿನ ಕಾಫಿ ಬೆಳೆಗಾರನಿಗೂ ಇರುವ ಕಷ್ಟ ಒಂದೇ ಬಗೆಯದು.

ನಮ್ಮ ಕಡೆಯ ಹೆಸರುಗಳೇನು ಕಡಿಮೆ ತೊಡಕಿನವಲ್ಲ. 2014ರ ನವೆಂಬರ್ 1ರಂದು ಸರಕಾರ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರನ್ನು ಬದಲಿಸಿದಾಗ ಚಿಕ್ಕಮಗಳೂರಿನ ಕಾಗುಣಿತವೂ ಬದಲಾಯಿತು. ಆದರೆ 2019ರಲ್ಲಿ ಕಾಫಿಗೆ ಭೌಗೋಳಿಕ ಗುರುತು ಸಿಕ್ಕಿದ್ದು ‘ಚಿಕ್‌ಮಗಳೂರ್ ಅರೇಬಿಕಾ’ ಎಂಬ ಹಳೆಯ ಕಾಗುಣಿತದಲ್ಲಿ. ಅದೇ ವರ್ಷ ಗುರುತು ಪಡೆದ ಕೊಡಗಿನ ಅರೇಬಿಕಾದ ಹೆಸರು ‘ಕೂರ್ಗ್’. ಹೊರಗಿನವರು ಹಳೆಯದನ್ನು ಬರೆಯುತ್ತಾರೆ, ನಾವು ಹೊಸದನ್ನು ಬರೆಯುತ್ತೇವೆ. ಎರಡನ್ನೂ ಪುಟದಲ್ಲಿ ಬರೆಯುವುದಕ್ಕೆ ಖರ್ಚೇನೂ ಇಲ್ಲ. ಇನ್ನು ತೋಟಗಳ ಹೆಸರು: ಗಣೇಶ ಎಸ್ಟೇಟ್, ಲಕ್ಷ್ಮೀ ಎಸ್ಟೇಟ್, ಶಾಂತಿ ಎಸ್ಟೇಟ್. ಮೂರು ತಾಲ್ಲೂಕು ತಿರುಗಿದರೆ ಎಷ್ಟು ಗಣೇಶ ಎಸ್ಟೇಟುಗಳು ಸಿಗುತ್ತವೋ! ದೇವರ ಹೆಸರಿಡುವುದನ್ನು ಬಿಡಿ ಎನ್ನುವವನು ನಾನಲ್ಲ. ಅದರ ಜೊತೆಗೆ ಊರಿನ ಹೆಸರನ್ನೋ, ಹಳ್ಳದ ಹೆಸರನ್ನೋ ಸೇರಿಸಿ, ಚೀಲದ ಮೇಲೂ ಬಿಲ್ಲಿನ ಮೇಲೂ ಫೋನಿನಲ್ಲೂ ಒಂದೇ ರೀತಿ ಬರೆಯಿರಿ ಎನ್ನುತ್ತೇನೆ. ಅಂದರೆ ನಮ್ಮದಕ್ಕೂ ಒಂದು (ಬಿ) ಬೇಕು.

ಹೆಸರಿನ ವಿಚಾರದಲ್ಲಿ ನಾವು ಹಿಂದುಳಿದದ್ದಕ್ಕೆ ಕಾರಣವೂ ಇದೆ. 1942ರ ಕಾಫಿ ಕಾಯಿದೆಯ ಮೇಲೆ ಬಹುಕಾಲ ನಡೆದ ಪೂಲ್ ವ್ಯವಸ್ಥೆಯಲ್ಲಿ ಬೆಳೆಗಾರನು ತನ್ನ ಬೆಳೆಯನ್ನು ಕಾಫಿ ಮಂಡಳಿಗೆ ಒಪ್ಪಿಸುತ್ತಿದ್ದ. ಹಣ ಕಂತುಗಳಲ್ಲಿ ಬರುತ್ತಿತ್ತು. ಅದರ ಗುಣದೋಷಗಳನ್ನು ಹಿರಿಯರು ಇಂದಿಗೂ ಚರ್ಚಿಸುತ್ತಾರೆ, ನಾನು ಅದಕ್ಕೆ ಹೋಗುವುದಿಲ್ಲ. ಆದರೆ ಆ ಪೂಲಿನಲ್ಲಿ ಎಲ್ಲರ ಬೀಜ ಒಂದಾಗಿ ತೋಟದ ಹೆಸರು ಕರಗಿಹೋಗುತ್ತಿತ್ತು. ಗಿರಾಕಿಯ ಮುಖವನ್ನು ಬೆಳೆಗಾರ ನೋಡಬೇಕಾಗಿರಲಿಲ್ಲ. 1992ರಿಂದ ಹಂತ ಹಂತವಾಗಿ ಸಡಿಲವಾಗಿ 1996ರಲ್ಲಿ ಪೂರ್ತಿ ಮುಕ್ತ ಮಾರಾಟ ಬಂದಾಗ ದೊಡ್ಡ ತೋಟದವರು ತಮ್ಮ ಹೆಸರನ್ನು ವಿದೇಶಗಳಿಗೂ ಒಯ್ದರು. ಸಣ್ಣವರು ಮನೆಬಾಗಿಲಿಗೆ ಬಂದ ವ್ಯಾಪಾರಿಗೆ ಚೆರಿ ತೂಗಿಕೊಟ್ಟರು. ಇಂದಿಗೂ ಬಹುಮಟ್ಟಿಗೆ ಹಾಗೆಯೇ.

ಒಬ್ಬೊಬ್ಬನೇ ತನ್ನ ಹೆಸರನ್ನು ಕಟ್ಟಿ ನಿಲ್ಲಿಸಲಾರ, ಕೂಡಿದರೆ ಸಾಧ್ಯ ಎಂಬುದಕ್ಕೆ ಅಡಿಕೆಯವರೇ ಸಾಕ್ಷಿ. ಎಪ್ಪತ್ತರ ದಶಕದ ಆರಂಭದಲ್ಲಿ ಧಾರಣೆ ಕುಸಿದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತನದಲ್ಲಿ ಕರ್ನಾಟಕ, ಕೇರಳಗಳ ಬೆಳೆಗಾರರು ಕೂಡಿ 1973ರ ಜುಲೈ 11ರಂದು ಕ್ಯಾಂಪ್ಕೋ ಕಟ್ಟಿದರು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯೂ ಬಂತು. ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿ ಮಾಡಿದ ಆ ಹೆಸರು ಬೇರೆ ಯಾರದೂ ಆಗಿರಲಿಲ್ಲ. ಅಂದು ಅಂತರ್ಜಾಲದ ಯೋಚನೆ ಯಾರಿಗಿತ್ತು? ಆದರೂ ಇಂದು ಹುಡುಕಿದರೆ ಆ ಹೆಸರಿಗೆ ಸಿಗುವುದು ಅವರೇ. ಈಚಿನದೂ ಒಂದಿದೆ. 2021ರಲ್ಲಿ ಬಾಳೆಯ ಬೆಲೆ ನೆಲಕಚ್ಚಿದ್ದಾಗ ‘ಅಡಿಕೆ ಪತ್ರಿಕೆ’ಯ ಸಂಪಾದಕ ಶ್ರೀ ಪಡ್ರೆಯವರೂ ಅವರ ಬಳಗದವರೂ ಬಾಳೆಕಾಯಿ ಹುಡಿಯನ್ನು ಮನೆಮನೆಯಲ್ಲಿ ಮಾಡುವ ಪ್ರಚಾರ ಕೈಗೊಂಡರು, ಅದಕ್ಕೆ ‘ಬಾಕಾಹು’ ಎಂದು ಹೆಸರಾಯಿತು. ಮಲೆನಾಡು, ಕರಾವಳಿಗಳ ಅನೇಕ ಅಡಿಗೆಮನೆಗಳಿಗೆ ಆ ಮಾತು ಹೊಕ್ಕಿತು. ‘ಬಾಳೆಹಣ್ಣು’ ಎಂದು ಹುಡುಕಿದರೆ ಲೋಕದ ಬಾಳೆಹಣ್ಣೆಲ್ಲ ಬರುತ್ತದೆ. ‘ಬಾಕಾಹು’ ಎಂದರೆ ಆ ಹುಡಿಯೇ ಬರಬೇಕು. ಮೂರಕ್ಷರದ ಆ ಮಾತಿಗೆ ಯಾರಾದರೂ ಹದಿನೆಂಟು ಸಾವಿರ ತೆತ್ತಿದ್ದರೆಂದು ನಾನು ಕೇಳಿಲ್ಲ.

ನಮ್ಮ ಸಂಘದ ಕಚೇರಿಯಲ್ಲಿಯೇ ತುರ್ತಾಗಿ ಆಗಬೇಕಾದ ಇನ್ನೊಂದು ಕೆಲಸವಿದೆ. ಈ ವಾರ್ತಾಪತ್ರವನ್ನೂ ದರಪಟ್ಟಿಯನ್ನೂ ವರ್ಷಗಳಿಂದ ಹಳೆಯ ‘ನುಡಿ’, ‘ಬರಹ’ ಅಕ್ಷರಶೈಲಿಗಳಲ್ಲಿ ಅಚ್ಚುಮಾಡಿ, ಹಾಗೆಯೇ ಅಂತರ್ಜಾಲಕ್ಕೆ ಏರಿಸುತ್ತಿದ್ದಾರೆ. ಆ ಹಳೆಯ ಶೈಲಿಗಳಲ್ಲಿ ಕನ್ನಡ ಅಕ್ಷರದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕೂರಿಸಿರುತ್ತಾರೆ. ನಮ್ಮ ಕಣ್ಣಿಗೆ ಅದು ಕನ್ನಡ. ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ‘ಕಾಫಿ’ ಎಂದು ಹುಡುಕಿದವನಿಗೆ ಅದು ಸಿಗುವುದು ಹೇಗೆ? ಯೂನಿಕೋಡ್ ಎಂಬ ಸಂಕೇತದಲ್ಲಿ ಬರೆದರೆ ಮಾತ್ರ ಕನ್ನಡವು ಯಂತ್ರಕ್ಕೂ ಕನ್ನಡವಾಗುತ್ತದೆ. ಹಳೆಯದನ್ನು ಇದಕ್ಕೆ ಬದಲಿಸುವ ತಂತ್ರಾಂಶಗಳು ಪುಕ್ಕಟೆಯಾಗಿಯೇ ದೊರೆಯುತ್ತವೆ. ಕರಪತ್ರದ ಫೋಟೋ ಹಿಡಿದು ಏರಿಸುವುದನ್ನೂ ಬಿಡಬೇಕು; ಬೆಲೆ, ತೂಕ, ವಿಳಾಸ ಎಲ್ಲವನ್ನೂ ಅಕ್ಷರವಾಗಿ ಬರೆಯಬೇಕು. ಪುಡಿಗೆ ಚಿಕೋರಿ ಬೆರೆಸಿದ್ದರೆ ಅದರ ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕೆಂದು ಕಾನೂನಿದೆ. ಪುಟದಲ್ಲೂ ಅದನ್ನೇ ಬರೆಯಲಿ. ಚಿಕೋರಿಯಿಲ್ಲದ ಪುಡಿಯನ್ನು ಹುಡುಕುವವರು ಈಗ ಬೇಕಾದಷ್ಟು ಮಂದಿ.

ಅಡಿಕೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಕೆಲವರಿಗೆ ರುಚಿಸದಿದ್ದರೂ. ಹಳ್ಳಿಖೇಡದ ಅಂಗಡಿಯವನಿಗೆ ಮಾಲು ಕಳಿಸುವುದು ವ್ಯಾಪಾರದ ಮಾತು. ಆದರೆ ಅಡಿಕೆಯನ್ನು ಪೊಟ್ಟಣ ಕಟ್ಟಿ ಮನೆಮನೆಗೆ ಮಾರುವ ಪ್ರಚಾರಕ್ಕೆ ಸಂಘದ ಹಣ ಹಾಕುವುದು ನನಗೆ ಸರಿಕಾಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯನ್ನು ಕ್ಯಾನ್ಸರ್ ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿದೆ. ಬೆಳೆಗಾರರ ಸಂಘಗಳು ಅದನ್ನು ಪ್ರಶ್ನಿಸುತ್ತ ಬಂದಿವೆ, ಆ ವಾದ ನಡೆಯಲಿ. ಇಂಗ್ಲಿಷಿನಲ್ಲಿ ಅಡಿಕೆಯೆಂದು ಹುಡುಕುವವನಿಗೆ ನಮ್ಮ ಪೊಟ್ಟಣಕ್ಕಿಂತ ಮುಂಚೆ ಆ ಎಚ್ಚರಿಕೆಯೇ ಎದುರಾಗುತ್ತದೆ. ನಮ್ಮ ಶ್ರಮವನ್ನು ಕಾಫಿ, ಮೆಣಸು, ಏಲಕ್ಕಿ, ಜೇನಿನ ಕಡೆಗೆ ತಿರುಗಿಸುವುದು ಲೇಸು.

ಆದುದರಿಂದ ಆಡಳಿತ ಮಂಡಲಿ ಯಾವ ಕಂಪೆನಿಯೊಡನೆಯೂ ವಾರ್ಷಿಕ ಒಪ್ಪಂದಕ್ಕೆ ಸಹಿ ಹಾಕದಿರಲಿ. ಸದಸ್ಯರ ಮಕ್ಕಳಲ್ಲಿ ಕಾಲೇಜು ಮುಗಿಸಿ ಊರಲ್ಲಿಯೇ ಇರುವವರೊಬ್ಬರನ್ನು ಅರ್ಧ ದಿನದ ಕೆಲಸಕ್ಕೆ ನೇಮಿಸಿ, ಸಂಘದ ಒಂದೇ ಪುಟದಲ್ಲಿ ಎಲ್ಲ ತೋಟಗಳ ಹೆಸರನ್ನೂ ಕ್ರಮವಾಗಿ, ಎರಡೂ ಕಾಗುಣಿತಗಳಲ್ಲಿ ಬರೆಸಲಿ. ‘ಬಿಸಿನೆಸ್ ಪ್ರೊಫೈಲ್’ ಸಂಘದ ಹೆಸರಿನಲ್ಲೇ ಇರಲಿ, ಅದರ ಕೀಲಿ ಹೊರಗಿನವರ ಕೈಯಲ್ಲಿ ಬೇಡ. ಹಣ ಕಟ್ಟುವುದನ್ನು ನಿಲ್ಲಿಸಿದ ಮೇಲೆ ತಮ್ಮ ಅಂಗಡಿಯ ಫೋನ್ ನಂಬರನ್ನೇ ಬದಲಿಸಲಾಗದೆ ಪರದಾಡಿದ ಸದಸ್ಯರೊಬ್ಬರು ನಮ್ಮಲ್ಲಿಯೇ ಇದ್ದಾರೆ. ನಕ್ಷೆಯಲ್ಲಿ ನಮ್ಮ ಗೋದಾಮಿನ ಗುರುತು ಸೇತುವೆಯ ಆಚೆ ಬದಿಯಲ್ಲಿದೆ, ಅದನ್ನೂ ಈಚೆಗೆ ತರಬೇಕು.

ಕೊನೆಯದಾಗಿ ಫೋನು. ಪುಟ ಕಂಡು ಹಳ್ಳಿಖೇಡ (ಬಿ)ಯ ಅಂಗಡಿಯವನು ಕರೆ ಮಾಡುವುದು ತನ್ನ ಅಂಗಡಿ ಮುಚ್ಚಿದ ಮೇಲೆ, ರಾತ್ರಿ ಎಂಟೂವರೆಗೋ ಒಂಬತ್ತಕ್ಕೋ. ನಮ್ಮ ಕಚೇರಿ ಮುಚ್ಚುವುದು ಐದೂವರೆಗೆ. ಆ ಹೊತ್ತಿನಲ್ಲಿ ಫೋನು ಎತ್ತಿ, ಹಿಂದಿಯಲ್ಲಿಯಾದರೂ ನಾಲ್ಕು ಮಾತಾಡಿ ದರ ಹೇಳುವವರು ಯಾರೆಂಬುದನ್ನು ಮಹಾಸಭೆಗೆ ಮುಂಚೆಯೇ ಗೊತ್ತುಮಾಡಿಕೊಂಡು ಬನ್ನಿರೆಂದು ಕಾರ್ಯದರ್ಶಿಗಳಲ್ಲಿ ವಿನಂತಿ.