ಕೈಯ ವಿದ್ಯೆಗೂ ಗುರುಪೀಠ ಬೇಕು

ತಾಳವಾದ್ಯಗಾರನೊಬ್ಬನ ಜೀವಮಾನದ ಸಾಧನೆಯನ್ನು ತೂಗುವಾಗ, ಅವನು ಏರಿದ ವೇದಿಕೆಗಳನ್ನೂ ಹೊರತಂದ ಧ್ವನಿಮುದ್ರಿಕೆಗಳನ್ನೂ ಆದರದಿಂದ ಎಣಿಸುವ ಲೋಕವು, ಅವನ ಕೈಯಿಂದ ಇನ್ನೊಬ್ಬರ ಕೈಗೆ ಸಂದ ವಿದ್ಯೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕ್ಯೂಬಾದ ಆಫ್ರಿಕಾಮೂಲ ಸಂಗೀತವೂ ಜಾಝ್ ಸಂಗೀತವೂ ಕೂಡಿ ಜನಿಸಿದ ಲ್ಯಾಟಿನ್ ಜಾಝ್‌ನ ಚರಿತ್ರೆಯನ್ನು ಪರಾಂಬರಿಸಿದರೆ, ಈ ತೂಕ ಎಷ್ಟು ಅನ್ಯಾಯದ್ದೆಂಬುದು ಸ್ಪಷ್ಟವಾಗುತ್ತದೆ.

1886ರವರೆಗೂ ಗುಲಾಮಗಿರಿಯಿದ್ದ ಕ್ಯೂಬಾ ದ್ವೀಪದಲ್ಲಿ, ಆಫ್ರಿಕಾದಿಂದ ಬಲಾತ್ಕಾರವಾಗಿ ತರಲ್ಪಟ್ಟ ಜನ ತಮ್ಮ ಲಯಗಳನ್ನು ಕಾಪಾಡಿಕೊಂಡುದು ಗ್ರಂಥಗಳಲ್ಲಲ್ಲ, ಕೈಗಳಲ್ಲಿ. ಆ ಪರಂಪರೆಯ ಕುಡಿಯಾದ ಹವಾನಾದ ಚಾನೋ ಪೋಸೋ, ಸ್ವರಲಿಪಿಯನ್ನು ಓದಲರಿಯದವನಾದರೂ, 1947ರಲ್ಲಿ ಜಾಝ್ ತುತೂರಿವಾದಕ ಡಿಝಿ ಗಿಲೆಸ್ಪಿಯ ವಾದ್ಯವೃಂದವನ್ನು ಸೇರಿ ಕೈಯಿಂದ ಬಾರಿಸುವ ಕೊಂಗಾ ಮದ್ದಳೆಗೆ ಜಾಝ್‌ನಲ್ಲಿ ಸ್ಥಾನ ಕಲ್ಪಿಸಿದನು. ಮರುವರ್ಷವೇ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಗುಂಡೇಟಿಗೆ ಬಲಿಯಾದನು. ಅಷ್ಟು ಅಲ್ಪಾವಧಿಯಲ್ಲಿ ಅವನ ಪ್ರಭಾವ ಬೇರೂರಿದುದಕ್ಕೆ ‘ಮಾಂಟೆಕಾ’ದಂಥ ಕೃತಿಗಳಷ್ಟೇ ಕಾರಣವಲ್ಲ. ಬಸ್ಸಿನ ಪ್ರಯಾಣದಲ್ಲಿ ಸಹವಾದಕರ ಕೈಗೆ ಒಂದೊಂದು ಮದ್ದಳೆಯನ್ನಿತ್ತು, ಒಬ್ಬೊಬ್ಬರಿಗೂ ಬೇರೆ ಬೇರೆ ಲಯವನ್ನು ಒಪ್ಪಿಸಿ, ಎಲ್ಲವನ್ನೂ ಹೆಣೆದು ನುಡಿಸುವುದನ್ನು ಅವನು ಕಲಿಸುತ್ತಿದ್ದುದೂ ಕಾರಣ. ಆ ಬಸ್ಸೂ ಒಂದು ಪಾಠಶಾಲೆಯೇ ಆಗಿತ್ತು.

ಇಂಥ ಬೋಧನೆ ಏಕೆ ಅನಿವಾರ್ಯವೆಂಬುದು ‘ಕ್ಲಾವೆ’ಯ ಸ್ವರೂಪದಿಂದ ತಿಳಿಯುತ್ತದೆ. ಒಂದು ಭಾಗದಲ್ಲಿ 3, ಇನ್ನೊಂದರಲ್ಲಿ 2 ಪೆಟ್ಟುಗಳುಳ್ಳ ಈ ಲಯಸೂತ್ರವು, ಯಾರೂ ಅದನ್ನು ಪ್ರತ್ಯಕ್ಷವಾಗಿ ನುಡಿಸದಿರುವಾಗಲೂ, ಇಡೀ ಮೇಳವನ್ನು ಒಳಗಿನಿಂದಲೇ ನಿಯಂತ್ರಿಸುತ್ತದೆ. ಕಾಗದದ ಮೇಲೆ ಇದನ್ನು ಬರೆದು ತೋರಿಸಲು ಕ್ಷಣಮಾತ್ರ ಸಾಕು. ಅದರ ವಿರುದ್ಧ ಬಿದ್ದ ಪೆಟ್ಟನ್ನು ಕೇಳಿದೊಡನೆಯೇ ಮೈ ಒಪ್ಪದಂತಾಗುವುದಕ್ಕೆ ಮಾತ್ರ ಬಲ್ಲವರ ಬಳಿ ವರ್ಷಗಟ್ಟಲೆ ಕುಳಿತಿರಬೇಕು.

ಹಾಗೆ ಕುಳಿತವರಲ್ಲೊಬ್ಬ ಪೋರ್ಟೊ ರಿಕೋದ ಜೊವಾನಿ ಹಿಡಾಲ್ಗೊ. ಕ್ಯೂಬಾದ ‘ಲೋಸ್ ವಾನ್ ವಾನ್’ ವಾದ್ಯವೃಂದದಲ್ಲಿ ಸೊಂಗೊ ಎಂಬ ಲಯಶೈಲಿಯನ್ನು ಬೆಳೆಸಿದ ಚಾಂಗೀಟೊನಿಂದ, ಅಂಗೈಯ ಬುಡವನ್ನೂ ಬೆರಳತುದಿಯನ್ನೂ ಸರದಿಯಲ್ಲಿ ಊರಿ ಒಂದೇ ಕೈಯಲ್ಲಿ ಸೂಕ್ಷ್ಮಘಾತಗಳನ್ನು ತುಂಬುವ ಕ್ರಮವನ್ನು ಕಲಿತು ವಿಸ್ತರಿಸಿದ ಆತ, ಗಿಲೆಸ್ಪಿಯೊಡನೆ ಲೋಕ ಸಂಚರಿಸಿದುದಲ್ಲದೆ, 1990ರ ದಶಕದಲ್ಲಿ ಬಾಸ್ಟನ್ನಿನ ಬರ್ಕ್ಲೀ ಸಂಗೀತ ವಿದ್ಯಾಲಯದಲ್ಲಿ ಪಾಠವನ್ನೂ ಹೇಳಿದನು.

ಬೀದಿಯ ಸಂಗೀತವನ್ನು ತರಗತಿಯ ನಾಲ್ಕು ಗೋಡೆಗಳೊಳಗೆ ತಂದರೆ ಅದರ ಜೀವ ಬತ್ತುವುದೆಂಬ ಆಕ್ಷೇಪವುಂಟು. ಲಿಪಿಯನ್ನೇ ಸರ್ವಸ್ವವೆಂದು ಬಗೆಯುವ ತರಗತಿಯ ವಿಷಯದಲ್ಲಿ ಅದು ನಿಜವೂ ಹೌದು. ಆದರೆ ಇದು ತರಗತಿಯ ದೋಷವಲ್ಲ, ಅಲ್ಲಿ ಕಲಿಸತಕ್ಕವರು ಯಾರೆಂಬುದನ್ನು ನಿರ್ಣಯಿಸುವವರ ದೋಷ. ಪದವಿಪತ್ರವನ್ನೇ ಕೇಳುವ ನಿಯಮಗಳ ಪ್ರಕಾರ ಪೋಸೋ ಅಧ್ಯಾಪಕನಾಗಲು ಅರ್ಹನೆನಿಸುತ್ತಿರಲಿಲ್ಲ. ಆದುದರಿಂದ ಸಂಗೀತಶಾಲೆಗಳು ಪದವಿಪತ್ರಕ್ಕೆ ಮೊದಲು ಅಭ್ಯರ್ಥಿಯ ಕೈಯನ್ನು ಪರೀಕ್ಷಿಸಲಿ. ನುಡಿಸುತ್ತಿರುವ ಕಲಾವಿದನಿಗೆ ಪೂರ್ಣ ವೇತನದ ಅಧ್ಯಾಪಕ ಸ್ಥಾನವನ್ನು ಕೊಡಲಿ. ಪ್ರಶಸ್ತಿ ನೀಡುವವರೂ ಅವನ ಕಛೇರಿಗಳ ಪಟ್ಟಿಯೊಡನೆ ಅವನ ಶಿಷ್ಯರ ನುಡಿಸಾಣಿಕೆಯನ್ನು ಕೇಳಿಯೇ ತೀರ್ಮಾನಕ್ಕೆ ಬರಲಿ.