ಏಷ್ಯದ ಕಥೆಯನ್ನು ಹೇಳುವವರು ಯಾರು?

ಅಮೆರಿಕದ ಬಾಲಸಾಹಿತ್ಯಕ್ಕೆ ಸಲ್ಲುವ ಗೌರವಗಳಲ್ಲಿ ಅಗ್ರಗಣ್ಯವೆನಿಸಿದ ನ್ಯೂಬೆರಿ ಪದಕವು 1928ರಲ್ಲಿ ಕಲ್ಕತ್ತೆಯ ಸಮೀಪದಲ್ಲಿ ಹುಟ್ಟಿ ಬೆಳೆದ ಧನಗೋಪಾಲ ಮುಖರ್ಜಿಯವರಿಗೆ ದೊರೆತಿತ್ತೆಂಬ ಸಂಗತಿ ನಮ್ಮಲ್ಲಿ ಬಹುಮಂದಿಗೆ ತಿಳಿದಿರಲಾರದು. ‘ಗೇ-ನೆಕ್’ ಎಂಬ ಆ ಕೃತಿಯ ನಾಯಕನು ಒಂದು ಪಾರಿವಾಳ. ಕಲ್ಕತ್ತೆಯ ಮನೆಯೊಂದರ ಮಾಳಿಗೆಯ ಮೇಲೆ ಬೆಳೆದು, ಹಿಮಾಲಯದ ಗಾಳಿಯಲ್ಲಿ ರೆಕ್ಕೆಯನ್ನು ಬಲಿಸಿಕೊಂಡು, ಮೊದಲನೆಯ ಮಹಾಯುದ್ಧದಲ್ಲಿ ಭಾರತೀಯ ಸೈನ್ಯದೊಡನೆ ಫ್ರಾನ್ಸಿಗೆ ತೆರಳಿ ಗುಂಡಿನ ಮಳೆಯ ನಡುವೆ ಸಂದೇಶಗಳನ್ನು ಹೊತ್ತು, ಕಡೆಗೆ ಹಾರುವುದಕ್ಕೇ ಅಂಜುವಷ್ಟು ಭಯಗ್ರಸ್ತವಾಗಿ ಮರಳಿದ ಆ ಪಕ್ಷಿಯ ಚಿತ್ತವು ಪುನಃ ಸ್ವಸ್ಥವಾಗುವುದು ಲಾಮಾಗಳ ಒಂದು ವಿಹಾರದ ಶಾಂತಿಯಲ್ಲಿ. ತನ್ನ ನಾಡಿನ ಆಕಾಶವನ್ನೂ ಧ್ಯಾನವನ್ನೂ ಪರದೇಶದ ಮಕ್ಕಳ ಮುಂದೆ ಸಂಕೋಚವಿಲ್ಲದೆ ತೆರೆದಿಟ್ಟ ಆ ಲೇಖಕನ ಅನಂತರ, ಏಷ್ಯ ಮೂಲದ ಮತ್ತೊಬ್ಬರಿಗೆ ಆ ಪದಕವು ಸಂದದ್ದು 2002ರಲ್ಲಿ, ಕೊರಿಯಾ ಮೂಲದ ಲಿಂಡಾ ಸೂ ಪಾರ್ಕ್ ಅವರಿಗೆ. ನಡುವೆ 74 ವರ್ಷಗಳು ಕಳೆದುಹೋಗಿದ್ದವು.

ಆ ಕಾಲದ ಪ್ರಕಾಶಕರಿಗೆ ಏಷ್ಯವು ಬೇಡವಾಗಿತ್ತೆಂದು ಯಾರಾದರೂ ಭಾವಿಸಿದರೆ ಅದು ತಪ್ಪು. 1926ರಲ್ಲಿ ಪದಕ ಪಡೆದ ಆರ್ಥರ್ ಕ್ರಿಸ್ಮನ್ನರ ಗ್ರಂಥ ಚೀನದ ಕಥೆಗಳದು. 1931ರಲ್ಲಿ ಎಲಿಜಬೆತ್ ಕೋಟ್ಸ್‌ವರ್ತ್ ಬರೆದು ಗೌರವ ಪಡೆದದ್ದು ಜಪಾನಿನ ಚಿತ್ರಕಾರನೊಬ್ಬನ ಮತ್ತು ಬುದ್ಧನ ಕಥೆ. 1933ರಲ್ಲಿ ಎಲಿಜಬೆತ್ ಲೂಯಿಸರ ನಾಯಕನು ಯಾಂಗ್‌ಟ್ಸೀ ತೀರದ ಬಾಲಕ. ಇವರ ಪ್ರತಿಭೆಯನ್ನಾಗಲಿ, ಏಷ್ಯದ ಮೇಲಿನ ಇವರ ಪ್ರೀತಿಯನ್ನಾಗಲಿ ಸಂಶಯಿಸುವ ಹಕ್ಕು ನಮಗಿಲ್ಲ. ಆದರೆ ಕಥೆಯ ವಸ್ತು ಏಷ್ಯದ್ದಾಗಿ, ಕಥನದ ಅಧಿಕಾರವು ಸದಾ ಅನ್ಯರದಾಗಿದ್ದ ಆ ಏರ್ಪಾಟೇ ನನ್ನ ಆಕ್ಷೇಪಕ್ಕೆ ವಿಷಯ.

ಆ ಏರ್ಪಾಟಿನ ಫಲವು ಎಂಥದೆಂಬುದಕ್ಕೆ, ಭಾರತದಲ್ಲಿ ವೈದ್ಯಾಧಿಕಾರಿಯಾಗಿದ್ದ ಪತಿಯೊಡನೆ ನೆಲಸಿದ್ದ ಸ್ಕಾಟ್ಲೆಂಡಿನ ಹೆಲೆನ್ ಬ್ಯಾನರ್‌ಮನ್ 1899ರಲ್ಲಿ ಪ್ರಕಟಿಸಿದ ‘ಲಿಟ್ಲ್ ಬ್ಲ್ಯಾಕ್ ಸಾಂಬೋ’ ಎಂಬ ಪುಟ್ಟ ಪುಸ್ತಕವನ್ನು ನೋಡಬಹುದು. ಬಾಲಕನ ಹೊಸ ಉಡುಪುಗಳನ್ನು ಕಸಿದುಕೊಂಡ ಹುಲಿಗಳು, ತಮ್ಮಲ್ಲಿ ಯಾರು ಹೆಚ್ಚು ಸೊಗಸುಗಾರರೆಂದು ಜಗಳವಾಡಿ, ಮರವೊಂದರ ಸುತ್ತ ಓಡಿ ಓಡಿ ಕರಗಿ ತುಪ್ಪವಾಗುತ್ತವೆ. ತಂದೆ ಆ ತುಪ್ಪವನ್ನು ಹಿತ್ತಾಳೆಯ ಪಾತ್ರೆಯಲ್ಲಿ ಮನೆಗೆ ತರುತ್ತಾನೆ. ತಾಯಿ ಅದರಲ್ಲಿ ದೋಸೆಯಂಥ ಭಕ್ಷ್ಯವನ್ನು ಹೊಯ್ದುಕೊಡಲು, ಬಾಲಕನು 169 ಭಕ್ಷ್ಯಗಳನ್ನು ತಿಂದು ಮುಗಿಸುತ್ತಾನೆ. ಹುಲಿ, ತುಪ್ಪ, ಹಿತ್ತಾಳೆಯ ಪಾತ್ರೆ ಇವೆಲ್ಲ ಇರುವ ಕಥೆಯು ಯಾವ ನಾಡಿನದೆಂದು ನಮ್ಮ ಮಗುವಿಗೆ ಹೇಳಿಕೊಡಬೇಕಾಗಿಲ್ಲ. ಹಾಗಿದ್ದೂ, ಚಿತ್ರಗಳಲ್ಲಿ ಆ ಕುಟುಂಬಕ್ಕೆ ದೊರೆತದ್ದು ಆಫ್ರಿಕ ಮೂಲದವರನ್ನು ಅಪಹಾಸ್ಯಗೈಯಲೆಂದು ರೂಢಿಗೆ ಬಂದಿದ್ದ ವಿಕಾರ ಮುಖಗಳು. ಹೀಗೆ ಒಂದೇ ಪುಸ್ತಕದಿಂದ ಎರಡು ಜನಾಂಗಗಳಿಗೆ ಅನ್ಯಾಯವಾಯಿತು: ಒಂದರ ಊರು ಕಳೆದುಹೋಯಿತು, ಇನ್ನೊಂದರ ಮುಖ ವಿಕೃತಗೊಂಡಿತು. ಫ್ರೆಡ್ ಮಾರ್ಸೆಲಿನೋ ಎಂಬ ಚಿತ್ರಕಾರರು ಆ ಬಾಲಕನಿಗೆ ಬಾಬಾಜಿ ಎಂದು ಹೆಸರಿಟ್ಟು, ಭಾರತದ ಉಡುಪನ್ನೂ ಚಹರೆಯನ್ನೂ ಕೊಟ್ಟು ಕಥೆಯನ್ನು ಅದರ ಮನೆಗೆ ಕರೆತಂದದ್ದು 1996ರಲ್ಲಿ.

ಡಾಕ್ಟರ್ ಸ್ಯೂಸರ ಮೊದಲನೆಯ ಮಕ್ಕಳ ಪುಸ್ತಕದಲ್ಲಿಯೂ (1937) ಹಳದಿ ಬಣ್ಣದ, ಜಡೆಯ ಚೀನೀಯನೊಬ್ಬನಿದ್ದನು. ದಶಕಗಳ ಅನಂತರ ಬಣ್ಣವನ್ನೂ ಜಡೆಯನ್ನೂ ತೆಗೆದರು. 2021ರಲ್ಲಿ ಪುಸ್ತಕದ ಮುದ್ರಣವೇ ನಿಂತಿತು. ಇಂಥ ಚಿತ್ರಗಳು ನಿರುಪದ್ರವಿ ವಿನೋದವೆನ್ನುವವರು, ಅವು ಮುದ್ರಿತವಾದಾಗ ಚೀನೀ ಕಾರ್ಮಿಕರ ಪ್ರವೇಶವನ್ನು ನಿಷೇಧಿಸಿದ 1882ರ ಕಾಯಿದೆ ಅಮೆರಿಕದಲ್ಲಿ ಇನ್ನೂ ಜಾರಿಯಲ್ಲಿತ್ತೆಂಬುದನ್ನೂ, ಐದೇ ವರ್ಷಗಳಲ್ಲಿ ಜಪಾನೀ ಮೂಲದ ಸುಮಾರು 1,20,000 ಜನರನ್ನು ಮನೆಮಠ ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಲಾಯಿತೆಂಬುದನ್ನೂ ನೆನೆಯಬೇಕು. ಆ ಶಿಬಿರವಾಸವನ್ನು ಸ್ವತಃ ಅನುಭವಿಸಿದ ಯೋಶಿಕೋ ಉಚಿದಾ ಅದನ್ನು 1971ರಲ್ಲಿ ಮಕ್ಕಳಿಗಾಗಿ ಬರೆದರು. ಅವರಲ್ಲದೆ ಮತ್ತಾರು ಅದನ್ನು ಅಷ್ಟು ಹತ್ತಿರದಿಂದ ಹೇಳಬಲ್ಲವರಾಗಿದ್ದರು?

ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಮಕ್ಕಳ ಪುಸ್ತಕ ಕೇಂದ್ರವು ವರ್ಷವರ್ಷವೂ ಇಂಥ ಪುಸ್ತಕಗಳನ್ನು ಎಣಿಸುತ್ತ ಬಂದಿದೆ. 2018ರ ಎಣಿಕೆಯಂತೆ ಅಮೆರಿಕದ ಮಕ್ಕಳ ಪುಸ್ತಕಗಳಲ್ಲಿ ಶೇಕಡ 50ರ ಮುಖ್ಯ ಪಾತ್ರಗಳು ಬಿಳಿಯರು. ಏಷ್ಯ ಮೂಲದವರು ಶೇಕಡ 7. ಪ್ರಾಣಿಗಳೂ ಇತರ ಅಮಾನುಷ ಪಾತ್ರಗಳೂ ಶೇಕಡ 27. ಏಷ್ಯ, ಆಫ್ರಿಕ, ಲ್ಯಾಟಿನ್ ಅಮೆರಿಕ ಮತ್ತು ಮೂಲನಿವಾಸಿ ಕುಲಗಳ ಮಕ್ಕಳೆಲ್ಲರನ್ನೂ ಕೂಡಿಸಿದರೂ ಕರಡಿ ಮೊಲಗಳ ಸಂಖ್ಯೆಗೆ ಸಮನಾಗದಿರುವುದನ್ನು ಕಂಡು ವ್ಯಥೆಪಡದಿರುವುದು ಹೇಗೆ?

ಕಲ್ಪನೆಗೆ ಗಡಿಯಿಲ್ಲ, ಯಾರು ಯಾರ ಕಥೆಯನ್ನಾದರೂ ಬರೆಯಬಹುದು ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಆ ಸ್ವಾತಂತ್ರ್ಯವು ಬಹುಕಾಲ ಒಂದೇ ದಿಕ್ಕಿಗೆ ಹರಿಯಿತೆಂಬುದನ್ನು ವಾದಿಸುವವರೂ ಒಪ್ಪಬೇಕು. ಈಚೆಗೆ ಸ್ಥಿತಿ ಸುಧಾರಿಸುತ್ತಿದೆ. ಜೀನ್ ಲುಯೆನ್ ಯಾಂಗ್ 2006ರ ತಮ್ಮ ಚಿತ್ರಕಾದಂಬರಿಯಲ್ಲಿ ಚೀನದ ಪುರಾಣದ ವಾನರರಾಜನನ್ನೂ, ಅಮೆರಿಕದ ಶಾಲೆಯಲ್ಲಿ ನಾಚಿ ಕುಗ್ಗಿದ ಬಾಲಕನನ್ನೂ ಒಂದೇ ಕಥೆಯಲ್ಲಿ ಹೆಣೆದರು. ಭಾರತದಲ್ಲಿ ಜನಿಸಿದ ರಜನಿ ಲಾರೊಕ್ಕಾ ಅವರು, ಮನೆಯ ಭಾರತಕ್ಕೂ ಶಾಲೆಯ ಅಮೆರಿಕಕ್ಕೂ ನಡುವೆ ತೂಗಾಡುವ ಹುಡುಗಿಯೊಬ್ಬಳ ಅಳಲನ್ನು ಪದ್ಯರೂಪದಲ್ಲಿ ಬರೆದು 2022ರಲ್ಲಿ ನ್ಯೂಬೆರಿ ಮನ್ನಣೆಗೆ ಪಾತ್ರರಾದರು.

ಕ್ಯಾಲಿಫೋರ್ನಿಯ, ನ್ಯೂಜೆರ್ಸಿ, ಟೆಕ್ಸಾಸುಗಳಲ್ಲಿ ನೆಲಸಿರುವ ಕನ್ನಡ ಕುಟುಂಬಗಳ ಮಕ್ಕಳೂ ಆ ಹುಡುಗಿಯಂತೆಯೇ ಎರಡು ಲೋಕಗಳಲ್ಲಿ ಬೆಳೆಯುತ್ತಿರುವವರು. ಅಲ್ಲಿಯ ಸಾರ್ವಜನಿಕ ಗ್ರಂಥಾಲಯಗಳು, ತಮ್ಮಲ್ಲಿಲ್ಲದ ಪುಸ್ತಕವನ್ನು ತರಿಸಿಕೊಡಿರೆಂದು ಓದುಗರು ಬರೆದು ಕೋರಿದರೆ ಆ ಕೋರಿಕೆಯನ್ನು ಪರಿಶೀಲಿಸುತ್ತವೆ. ಆ ಕುಟುಂಬಗಳ ತಾಯಿತಂದೆಗಳಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಮಗುವಿನ ಕೈಹಿಡಿದು ಗ್ರಂಥಾಲಯಕ್ಕೆ ಹೋಗಿರಿ, ಈ ಲೇಖಕರ ಪುಸ್ತಕಗಳನ್ನು ಹೆಸರು ಹೇಳಿ ಕೇಳಿರಿ, ಇಲ್ಲದಿದ್ದರೆ ಕೋರಿಕೆಯನ್ನು ಬರೆದುಕೊಟ್ಟು ಬನ್ನಿರಿ; ಬರೆಯಬಲ್ಲವರು ನಿಮ್ಮಲ್ಲಿದ್ದರೆ ಮನೆಯ ಕಥೆಯನ್ನು ಬರೆಯಲು ತೊಡಗಿರಿ.